ಅವರವರ ಪಾಲು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ದಿನ ಕಾಯಕದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಭಕ್ತರು ಕೇಳಿಕೊಂಡಿದ್ದಾರೆ. ಈ ಪೀಠದಲ್ಲಿ ಕುಳಿತು ಕಾಯಕದ ಬಗ್ಗೆ ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಕೇಳಿ ಕೇಳಿ ನೀವೂ ದಣಿದಿರಬೇಕು. ಆದುದರಿಂದ ಇಂದು ಉಪದೇಶವನ್ನು ಬದಿಗಿಟ್ಟು ಮಲವಗೊಪ್ಪದ ಒಂದು ಮನೆಯಲ್ಲಿ ಒಂದು ವಾರ ನಡೆದ ಸಂಗತಿಯನ್ನು ಹೇಳುತ್ತೇವೆ. ಆ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ. ಗುರುತು ಹಿಡಿದವರು ದಯವಿಟ್ಟು ಹಿಂದೆ ತಿರುಗಿ ನೋಡಬೇಡಿ.

ಮಲವಗೊಪ್ಪ ನಿಮಗೆಲ್ಲ ಗೊತ್ತು. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯ ಮೇಲಿನ ಊರು. ಚನ್ನಬಸವೇಶ್ವರನ ಗುಡಿ ಇದೆ. ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯೂ ನಡೆಯುತ್ತಿತ್ತು. ಅದು ನಿಂತು ಎಷ್ಟೋ ವರ್ಷಗಳಾದವು. ನಾವು ಹೇಳುವ ಯಜಮಾನರು ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ 1973ರಿಂದ 2006ರವರೆಗೆ, ಮೂವತ್ತಮೂರು ವರ್ಷ, ದುಡಿದವರು. ನಿವೃತ್ತರಾದ ಮೇಲೆ ಪೇಪರ್ ಟೌನಿನ ಕ್ವಾರ್ಟರ್ಸು ಬಿಟ್ಟು ಮಲವಗೊಪ್ಪದಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡರು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ 2015ರಲ್ಲಿ ನಿಂತಿತು. ಆದರೂ ಈ ಯಜಮಾನರು ಮೊದಲ ಪಾಳಿಗೆ ಹೊರಡುವವರಂತೆ ನಾಲ್ಕೂವರೆಗೇ ಏಳುತ್ತಾರೆ. ಸ್ನಾನ, ವಿಭೂತಿ, ಇಷ್ಟಲಿಂಗ ಪೂಜೆ ಮುಗಿಸಿ ಆರು ಗಂಟೆಗೆ ಅಂಗಳದ ಕಸ ಗುಡಿಸುತ್ತಾರೆ. ಒಂಬತ್ತರ ಮೇಲೆ ಯಾರಾದರೊಬ್ಬರು ಬಂದೇ ಬರುತ್ತಾರೆ. ಬ್ಯಾಂಕಿನ ಫಾರಂ, ಪಿಂಚಣಿಯವರ ಜೀವಂತ ಪ್ರಮಾಣ ಪತ್ರ, ರೇಷನ್ ಕಾರ್ಡಿನ ಅರ್ಜಿ, ಎಲ್ಲವನ್ನೂ ಅವರು ಬರೆದು ಕೊಡಬೇಕು. ಒಂದು ಕಾಸು ಮುಟ್ಟುವುದಿಲ್ಲ. ತಾಯಿಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ದಿನಕ್ಕೆ ಇಪ್ಪತ್ತು ರೊಟ್ಟಿ ತಟ್ಟುತ್ತಾರೆ. ಮನೆಯಲ್ಲಿರುವುದು ಮೂರೇ ಜನ, ಉಳಿದ ರೊಟ್ಟಿ ಯಾರಿಗೆ ಹೋಗುತ್ತದೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೂರನೆಯವಳು ಮೊಮ್ಮಗಳು, ಮಗಳ ಮಗಳು. ಮಗಳನ್ನು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಗೆ, ಅಡಿಕೆ ತೋಟದ ಮನೆಗೆ ಕೊಟ್ಟಿದ್ದಾರೆ. ಹುಡುಗಿ ಅಜ್ಜ ಅಜ್ಜಿಯ ಜೊತೆಗಿದ್ದು ಓದಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದಳು. ಅದು ನಮ್ಮ ಸೀಮೆಗೆ 1987ರಲ್ಲಿ ಬಂದ ವಿಶ್ವವಿದ್ಯಾನಿಲಯ. ಅದಕ್ಕೂ ಮುಂಚೆ ಶಿವಮೊಗ್ಗದ ಹುಡುಗರ ಪದವಿಯೆಲ್ಲ ಮೈಸೂರಿನಿಂದ ಬರಬೇಕಿತ್ತು. ಘಟಿಕೋತ್ಸವ ಜನವರಿಯಲ್ಲಿ, ಒಂದು ಬುಧವಾರ.

ಹಿಂದಿನ ವಾರವೆಲ್ಲ ಮನೆಯಲ್ಲಿ ಹಬ್ಬದ ಸಡಗರ. ಗುರುವಾರ ಯಜಮಾನರು ಗಾಂಧಿ ಬಜಾರಿಗೆ ಹೋಗಿ ಮೊಮ್ಮಗಳಿಗೊಂದು ಸೀರೆ ತಂದರು. ಬಣ್ಣ ಹಿಡಿಸಲಿಲ್ಲವೆಂದು ತಾಯಿಯವರು ಶುಕ್ರವಾರ ತಾವೇ ಹೋಗಿ ಬದಲಾಯಿಸಿ ತಂದರು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಷ್ಟೆ. ಆ ದಿನ ಅವರು ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತು ಸರ್ಕಾರಿ ಬಸ್ಸಿಗೇ ಹತ್ತಿದರಂತೆ. ಯಜಮಾನರು ತಮ್ಮ ಬಿಳಿ ಪಂಚೆಗೆ ತಾವೇ ಇಸ್ತ್ರಿ ಹಾಕಿಕೊಂಡರು. ಕಡುಬಿಗೆ ಹೂರಣ ಯಾವ ದಿನ ರುಬ್ಬಬೇಕೆಂದು ಇಬ್ಬರಿಗೂ ಸಣ್ಣ ಜಗಳವೂ ಆಯಿತು. ಇದನ್ನೆಲ್ಲ ಸ್ವಾಮಿಗಳಿಗೆ ಹೇಳುತ್ತಾರೆಯೇ ಎಂದು ನೀವು ಕೇಳಬಹುದು. ಹೇಳುತ್ತಾರೆ. ಮಠಕ್ಕೆ ಬಂದು ತತ್ತ್ವವನ್ನೇ ಮಾತನಾಡುವವರು ಕಡಿಮೆ, ಮನೆಯ ಮಾತನ್ನೇ ಎಲ್ಲರೂ ಆಡುವುದು.

ಶನಿವಾರ ಸಂಜೆ ಮೊಮ್ಮಗಳು ಎರಡು ಪಾಸು ತಂದು ಅಜ್ಜನ ಕೈಗಿಟ್ಟಳು. ತನ್ನ ಕಡೆಯವರು ಇಬ್ಬರಿಗೆ ಮಾತ್ರ ಒಳಗೆ ಅವಕಾಶ. "ಒಂದು ಅಜ್ಜನಿಗೆ, ಒಂದು ಅಜ್ಜಿಗೆ. ನನ್ನನ್ನು ಓದಿಸಿದವರು ನೀವು" ಎಂದಳು. ಫೋನು ಮಾಡಿ ತಾಯಿಗೂ ಹೇಳಿದಳು. "ಹೌದು, ಅಪ್ಪಾಜಿ ಅಮ್ಮನೇ ಹೋಗಲಿ, ನಮಗೆ ಅಡಿಕೆ ಕೆಲಸ ಇದೆ" ಎಂದು ತಾಯಿ ಕೂಡಲೇ ಒಪ್ಪಿದಳು. ಎಲ್ಲವೂ ಸರಿಹೋಯಿತು.

ರಾತ್ರಿ ದೀಪ ಆರಿಸಿದ ಮೇಲೆ ತಾಯಿಯವರು ಕೇಳಿದರು: "ರೀ, ಆ ಚೀಟಿಯಲ್ಲಿ ಒಂದು ನಮ್ಮದಲ್ಲ ಕಣ್ರೀ. ಅವಳದು."

"ಮೊಮ್ಮಗಳು ಪ್ರೀತಿಯಿಂದ ಕೊಟ್ಟಿದ್ದಾಳೆ. ಬೇಡ ಅನ್ನೋಕಾಗತ್ತಾ?"

"ಕೊಟ್ಟೋಳು ಕೊಟ್ಟಳು. ತಗೊಂಡೋರು ನಾವಲ್ವಾ?"

ಶರಣ ಬಂಧುಗಳೇ, ಈ ಮಾತನ್ನು ಕೇಳಿದಾಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಕಸಿದದ್ದಲ್ಲ, ಅಂಗಳದಲ್ಲಿ ಬಿದ್ದಿದ್ದನ್ನೇ ತಂದದ್ದು. ಆದರೂ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಎಲ್ಲಿಂದ ತಂದನೋ ಅಲ್ಲಿಗೇ ಹಿಂದಿರುಗಿಸಿ ಬರಲು ಕಳುಹಿಸಿದಳು. ಈ ಕಥೆಯನ್ನು ನಾವು ಹೇಳುವಾಗಲೆಲ್ಲ ಅತಿಯಾಸೆಯ ವಿಷಯ ಹೇಳಿ ಮುಗಿಸುತ್ತೇವೆ. ಆ ಹೆಚ್ಚಿನ ಅಕ್ಕಿ ಮತ್ತೊಬ್ಬರ ಪಾಲಿನದಾಗಿತ್ತೆಂಬುದನ್ನು ಒತ್ತಿ ಹೇಳುವುದಿಲ್ಲ. ಲಕ್ಕಮ್ಮ ನೋಡಿದ್ದು ಅದನ್ನು.

ಆ ಪಾಸು ಮಗಳ ಪಾಲಿನದು ಹೇಗೆ? ಅವಳು ಹುಡುಗಿಯ ಹೆತ್ತತಾಯಿ, ಅಷ್ಟೇ ಅಲ್ಲ. 1998ರಲ್ಲಿ ಅವಳು ಪಿಯುಸಿ ಪಾಸಾದಳು, ಒಳ್ಳೆಯ ಅಂಕ ಬಂದಿತ್ತು. ಬಿ.ಎಸ್ಸಿ.ಗೆ ಸೇರಲು ಕಾಲೇಜಿನ ಫಾರಂ ತುಂಬಿಸಿಟ್ಟುಕೊಂಡಿದ್ದಳು. ಅದೇ ಹೊತ್ತಿಗೆ ತೋಟದ ಮನೆಯ ಸಂಬಂಧ ಬಂತು. ಆಷಾಢ ಹಿಡಿಯುವ ಮೊದಲು ಲಗ್ನವಾಗಬೇಕೆಂದರು. ಯಜಮಾನರು ಫಾರಂ ಕಟ್ಟಲಿಲ್ಲ. ಮೂವತ್ತಮೂರು ವರ್ಷ ಬಿದಿರು, ನೀಲಗಿರಿ ಚೂರು ಬೇಯಿಸಿ, ಬಿಳುಪು ಮಾಡಿ, ಒತ್ತಿ, ಒಣಗಿಸಿ ಊರಿಗೆಲ್ಲ ಕಾಗದ ಮಾಡಿದವರು, ಸ್ವಂತ ಮಗಳಿಗೆ ಒಂದು ಹಾಳೆ ಕೊಡಿಸಲಿಲ್ಲ. ಇದು ನಮ್ಮ ಮಾತಲ್ಲ, ಅವರೇ ನಮ್ಮೆದುರು ಆಡಿದ ಮಾತು.

ಕಾಗದವೆಂದರೆ ಸಾಮಾನ್ಯವೇ? ಓಲೆಗರಿಯಲ್ಲಿದ್ದ ಶರಣರ ವಚನಗಳು ಕಾಗದಕ್ಕೆ ಬರಲು ಫ.ಗು. ಹಳಕಟ್ಟಿಯವರು ಇದ್ದ ಮನೆಯನ್ನೇ ಮಾರಿ ಮುದ್ರಣಾಲಯ ನಡೆಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು.

ಭಾನುವಾರ ಗಂಡಹೆಂಡಿರ ನಡುವೆ ಮಾತಿಲ್ಲ. ಹೂರಣದ ಜಗಳವೂ ಇಲ್ಲ. ಮಧ್ಯಾಹ್ನ ಯಜಮಾನರು ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟರಂತೆ. ಸೋಮವಾರ ಬೆಳಿಗ್ಗೆ ಚನ್ನಬಸವೇಶ್ವರನ ಗುಡಿಗೆ ಹೋಗುವುದು ಅವರು ಎಂದೂ ತಪ್ಪಿಸದ ವ್ರತ. ಆ ಸೋಮವಾರ ತಪ್ಪಿಸಿದರು. ಭದ್ರಾವತಿಗೆ ಹೋಗಿ ಚನ್ನಗಿರಿ ಬಸ್ಸು ಹತ್ತಿದರು.

ಮಗಳು ಅಂಗಳದಲ್ಲಿ ಒಣಹಾಕಿದ ಅಡಿಕೆ ಕೈಯಾಡಿಸುತ್ತಿದ್ದಳು. ನೀರು ಕೊಟ್ಟಳು. ಯಾರಿಗೆ ಹುಷಾರಿಲ್ಲವೆಂದು ಗಾಬರಿಯಾದಳು. ಇವರು, "ಬುಧವಾರ ನೀನು ಬರಬೇಕು. ನಿಮ್ಮಮ್ಮನೂ ನೀನೂ ಒಳಗೆ ಹೋಗಬೇಕು" ಎಂದರು. "ನೀವು?" ಎಂದಳು. "ಆ ವರ್ಷ ಫಾರಂ ಕಟ್ಟದೇ ಇದ್ದದ್ದು ನಾನು ಕಣಮ್ಮ" ಎಂದರು. ಇಷ್ಟು ಹೇಳಲು ಇಪ್ಪತ್ತಾರು ವರ್ಷ ಬೇಕಾಯಿತು. ಮಗಳು ಉತ್ತರ ಕೊಡಲಿಲ್ಲ. ಅಂಗಳದ ಆ ಕೊನೆಯವರೆಗೂ ಅಡಿಕೆ ಕೈಯಾಡಿಸುತ್ತ ಹೋದಳು. ತಿರುಗಿ ಬಂದು, "ಎಷ್ಟು ಗಂಟೆಗೆ ಬರಬೇಕು ಅಪ್ಪಾಜಿ?" ಎಂದಳು.

ಬುಧವಾರ ನಾಲ್ವರೂ ಶಂಕರಘಟ್ಟಕ್ಕೆ ಹೋದರು. ಯಜಮಾನರು ಬುತ್ತಿಯ ಚೀಲ ಹಿಡಿದು ಹೊರಗೆ ಮರದ ನೆರಳಿನಲ್ಲಿ ಕುಳಿತರು. ಹಳೆಯ ಸಹೋದ್ಯೋಗಿಯೊಬ್ಬರು ಕಂಡು, ಇಲ್ಲೇಕೆ ಕುಳಿತಿರಿ ಎಂದು ಕೇಳಿದರು. "ನಮ್ಮ ಮನೆಯವರು ಒಳಗಿದ್ದಾರೆ" ಎಂದರು. ಒಳಗೆ ಏನಾಯಿತೆಂದು ಅವರಿಗೂ ತಿಳಿಯದು, ನಮಗೂ ತಿಳಿಯದು. ಮಧ್ಯಾಹ್ನ ಮೊಮ್ಮಗಳು ಬಂದು ಪದವಿ ಪತ್ರವನ್ನು ಅಜ್ಜನ ಕೈಗೆ ಕೊಟ್ಟಳು. ಹಳೆಯ ಅಭ್ಯಾಸ, ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ಕಾಗದದ ಗುಣ ನೋಡಿದರು. ಅಕ್ಷರ ಓದಲಿಲ್ಲ. ಮಗಳಿಗೆ ದಾಟಿಸಿದರು. ಅವಳು ಅದನ್ನು ಮೊದಲಿನಿಂದ ಕೊನೆಯವರೆಗೆ ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ಆಮೇಲೆ, "ಅಪ್ಪಾಜಿ, ಹೊತ್ತಾಯಿತು, ಊಟ ಮಾಡಿ" ಎಂದು ಬುತ್ತಿ ಬಿಚ್ಚಿದಳು.

ಮುಂದಿನ ಸೋಮವಾರ ಗಂಡಹೆಂಡಿರು ಮಠಕ್ಕೆ ಬಂದು ಇದನ್ನೆಲ್ಲ ಹೇಳಿದರು. ನಾವು ಯಜಮಾನರನ್ನು ಹೊಗಳಿದೆವು. ತಾಯಿಯವರನ್ನು ಲಕ್ಕಮ್ಮನಿಗೆ ಹೋಲಿಸಿ ಇನ್ನೂ ಹೊಗಳಿದೆವು. ಆ ತಾಯಿ ಹೊಗಳಿಕೆ ಮುಗಿಯುವವರೆಗೆ ಕಾದು, ಕೈಮುಗಿದುಕೊಂಡೇ ಹೇಳಿದರು: "ಬುದ್ಧಿ, ಲಗ್ನಕ್ಕೆ ಮುಂಚೆ ಅವಳನ್ನು ನಿಮ್ಮ ಹತ್ತಿರ ಕರಕೊಂಡು ಬಂದಿದ್ದೆ. ಆ ಫಾರಂ ಚೀಲದಲ್ಲೇ ಇತ್ತು. ಓದಬೇಕು ಅಂತ ಅವಳು ನಿಮಗೆ ಹೇಳಿದಳು. ಗಂಡನ ಮನೆಯಲ್ಲೂ ಓದಬಹುದು ತಾಯಿ ಅಂತ ಹೇಳಿ ಹಣ್ಣು ಕೊಟ್ಟಿರಿ."

ನಮಗೆ ನೆನಪಿರಲಿಲ್ಲ. ದಿನಕ್ಕೆ ನೂರು ಜನಕ್ಕೆ ಹಣ್ಣು ಕೊಡುತ್ತೇವೆ, ನೂರು ಮಾತು ಹೇಳುತ್ತೇವೆ. ಅವಳಿಗೆ ಮಾತ್ರ ನೆನಪಿತ್ತು. ಅಂದು ನಾವು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಆ ತಂದೆ ಮೀರುತ್ತಿರಲಿಲ್ಲ. ಉಡುತಡಿಯ ಅಕ್ಕನಿದ್ದ ಜಿಲ್ಲೆ ಇದು. ಜಂಬೂರಿನ ಸತ್ಯಕ್ಕನಿದ್ದ ಜಿಲ್ಲೆ. ವಚನ ಬರೆದ ಶರಣೆಯರು ಮೂವತ್ತಕ್ಕೂ ಹೆಚ್ಚು ಮಂದಿ ಎಂದು ವೇದಿಕೆಯ ಮೇಲೆ ಹೇಳುವವರು ನಾವೇ. ಎದುರಿಗೆ ನಿಂತ ಹುಡುಗಿಯ ಚೀಲದಲ್ಲಿ ಏನಿದೆಯೆಂದು ಕೇಳಲಿಲ್ಲ. ಯಜಮಾನರು ಬಸ್ಸು ಹತ್ತಿ ಹೋಗಿ ತಮ್ಮ ತಪ್ಪು ಒಪ್ಪಿಕೊಂಡು ಬಂದರು. ಕಳೆದ ವಾರ ನಾವೂ ಚನ್ನಗಿರಿಯ ಆ ಹಳ್ಳಿಗೆ ಹೋಗಿದ್ದೆವು. ಪಾದಪೂಜೆ ಬೇಡವೆಂದು ಮೊದಲೇ ಹೇಳಿಕಳುಹಿಸಿದ್ದೆವು. ಆ ಮಗಳ ಎದುರು ಕುಳಿತು ಹೇಳಬೇಕಾದದ್ದನ್ನು ಹೇಳಿದೆವು. ಅವಳು, "ಬುದ್ಧಿ, ಮುಕ್ತ ವಿಶ್ವವಿದ್ಯಾನಿಲಯಕ್ಕೆ ಈ ವಯಸ್ಸಿನಲ್ಲಿ ತಗೋತಾರಾ?" ಎಂದು ಕೇಳಿದಳು. ತೆಗೆದುಕೊಳ್ಳುತ್ತಾರೆ ಎಂದೆವು.

ಇನ್ನು ಮುಂದೆ ಲಗ್ನಪತ್ರಿಕೆ ಹಿಡಿದು ಮಠಕ್ಕೆ ಬರುವವರಿಗೆ ಒಂದು ಮಾತು. ಹುಡುಗಿಯನ್ನು ಕರೆತನ್ನಿ. ಓದು ಎಲ್ಲಿಗೆ ಬಂತೆಂದು ನಾವು ಅವಳನ್ನೇ ಕೇಳುತ್ತೇವೆ, ನಿಮ್ಮನ್ನಲ್ಲ. ಓದು ಮುಗಿದಿಲ್ಲವೆಂದರೆ ಮುಹೂರ್ತ ಮುಂದೆ ಹಾಕಿರೆಂದು ಹೇಳುತ್ತೇವೆ. ಕೋಪ ಮಾಡಿಕೊಳ್ಳಬಾರದು.

ಪ್ರಸಾದ ಸಿದ್ಧವಾಗಿದೆ. ಎಲ್ಲರೂ ಪ್ರಸಾದ ಸ್ವೀಕರಿಸಿ ಹೋಗಬೇಕು.