ವಯಲಿನ ಅಂಚಿನಲ್ಲಿ
(ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕೆಂದು ನಾವು ಕಾಸರಗೋಡಿನಿಂದ ಹೊರಟು ವಯನಾಡಿನ ಮುತ್ತಂಗಕ್ಕೆ ಹೋಗಿಬಂದೆವು. ಹುಲಿಯನ್ನು ಕಂಡಿರಾ ಎಂದು ಪೋಷಕರನೇಕರು ವಿಚಾರಿಸಿದ್ದಾರೆ. ಕಾಣಲಿಲ್ಲ. ಹುಲಿಗಾಗಿಯೇ ಕಾದಿದ್ದ ಮಕ್ಕಳ ಮುಖ ಮೊದಮೊದಲು ಬಾಡಿದ್ದುದೂ ನಿಜ.

1973ರಲ್ಲಿ ಘೋಷಿತವಾದ ಈ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 344 ಚದರ ಕಿಲೋಮೀಟರು. ಅದರ ಉತ್ತರ ಭಾಗಕ್ಕೆ ನಾಗರಹೊಳೆಯೂ ದಕ್ಷಿಣ ಭಾಗಕ್ಕೆ ಬಂಡೀಪುರ, ಮುದುಮಲೆಗಳೂ ತಾಗಿಕೊಂಡಿವೆ. ರಾಜ್ಯಗಳ ಗಡಿಗಳನ್ನು ನಾವು ಭೂಪಟದಲ್ಲಿ ಬಣ್ಣ ಬಳಿದು ಕಲಿಸುತ್ತೇವೆ. ಆನೆಗಳಿಗೆ ಆ ಪಾಠವಾಗಿಲ್ಲ.

ಮರಗಳ ದಟ್ಟಣೆ ಸರಿದು ಒಮ್ಮೆಲೇ ತೆರೆದ ತಗ್ಗೊಂದು ಕಾಣಿಸಿತು. ಗುಡ್ಡಗಳ ನಡುವೆ ಹಸುರು ಹುಲ್ಲು, ಹುಲ್ಲಿನ ಬುಡದಲ್ಲಿ ನಿಂತ ನೀರು, ಅಂಚಿನಲ್ಲಿ ಮೇಯುವ ಚುಕ್ಕೆಜಿಂಕೆಗಳು. ಅಲ್ಲಿಯವರು ಇದನ್ನು ‘ವಯಲ್’ ಎನ್ನುತ್ತಾರೆ. “ಸಾರ್, ಇದು ನಮ್ಮ ಬೈಲೇ ಅಲ್ಲವೇ?” ಎಂದು ಏಳನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು. ಶಬ್ದವೂ ಅದೇ, ನೆಲದ ಗುಣವೂ ಹೆಚ್ಚುಕಡಿಮೆ ಅದೇ. ನಾಗರಹೊಳೆಯ ಕಡೆ ಇಂಥದಕ್ಕೆ ಹಡ್ಲು ಎಂಬ ಹೆಸರಿದೆ. ತಗ್ಗಿನ ಜೇಡಿಮಣ್ಣು ಮಳೆನೀರನ್ನು ಹಿಡಿದಿಡುವುದರಿಂದ ಬೇಸಗೆಯಲ್ಲಿಯೂ ಹುಲ್ಲು ಒಣಗುವುದಿಲ್ಲ. ಬಂಡೀಪುರದ ಕಾಡು ಒಣಗಿದಾಗ ಆನೆಗಳು ಇತ್ತ ಬರುವುದು ಈ ಹುಲ್ಲು, ನೀರುಗಳಿಗಾಗಿ.

ಮುಂದೆ ಹಳದಿ ಹೂಗಳಿಂದ ತುಂಬಿದ ಮರಗಳ ಸಾಲು. ನಮಗೆಲ್ಲ ಬಹಳ ಮೆಚ್ಚಿಗೆಯಾಯಿತು. ಶಾಲೆಯ ಬೇಲಿಯುದ್ದಕ್ಕೂ ನೆರಳಿನ ಮರ ನೆಡಲು ಗುಂಡಿಗಳನ್ನು ತೋಡಿಸಿಟ್ಟಿದ್ದೆವಷ್ಟೆ. ಇದರ ಬೀಜ ಸಿಕ್ಕೀತೇ ಎಂದು ಅರಣ್ಯ ಕಾವಲುಗಾರರನ್ನು ಕೇಳಿಯೇಬಿಟ್ಟೆವು. ಅವರು ನಗಲಿಲ್ಲ. ಅದು ಮಂಞಕ್ಕೊನ್ನ, ಅಮೆರಿಕದ ಉಷ್ಣವಲಯದ ಮರ. ನೆರಳಿಗೂ ಅಂದಕ್ಕೂ ಎಂದು 1980ರ ದಶಕದಲ್ಲಿ ಇಲ್ಲಿ ನೆಟ್ಟವರು ಮನುಷ್ಯರೇ. ಈಗ ಅದು ಕಾಡಿನೊಳಕ್ಕೆ ಹಬ್ಬಿದೆ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಳೆಯ ಸಸಿಗಳನ್ನು ಬೇರುಸಹಿತ ಕಿತ್ತು, ದೊಡ್ಡ ಮರಗಳ ತೊಗಟೆ ಸುಲಿದು ಒಣಗಿಸಬೇಕು. ಕಾಡಿನಲ್ಲಿ ಮೇವು ಕುಗ್ಗಿದರೆ ಪ್ರಾಣಿಗಳು ಯಾರ ಗದ್ದೆಗೆ, ಯಾರ ಬಾಳೆತೋಟಕ್ಕೆ ಬರುತ್ತವೆಂಬುದನ್ನು ಕೃಷಿಕರಾದ ಪೋಷಕರಿಗೆ ನಾವು ವಿವರಿಸಬೇಕಾಗಿಲ್ಲ.

ಬಿ.ಎ., ಬಿ.ಎಡ್. ಓದಿದ ನಾವು ಮಕ್ಕಳೆದುರಿಗೆ ತಲೆ ತಗ್ಗಿಸಿದೆವು. ನಾವು ಕೇಳಿದ್ದು ಹೂವಿನ ಅಂದ ನೋಡಿ. ನಲವತ್ತು ವರ್ಷಗಳ ಹಿಂದೆ ನೆಟ್ಟವರೂ ಅದನ್ನೇ ನೋಡಿರಬೇಕು.

ಬೇಲಿಯ ಹನ್ನೆರಡು ಗುಂಡಿಗಳು ಇನ್ನೂ ಬರಿದಾಗಿಯೇ ಇವೆ. ಹೊಂಗೆ, ನೇರಳೆ, ಹಲಸು, ಇವುಗಳ ಸಸಿ ಮನೆಯಲ್ಲಿದ್ದವರು ಸೋಮವಾರ ತಂದುಕೊಡಬೇಕಾಗಿ ವಿನಂತಿ.