ಒಳಗೆ ಬಂದದ್ದು, ಹೊರಗೆ ಹೋದದ್ದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೆಮಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕ ದಿನ ನಮ್ಮಪ್ಪ ಕೇಳಿದ್ದು ಒಂದೇ ಮಾತು: "ಅದನ್ನ ಕಲತು ಏನ ಮಾಡ್ತೀಯೋ ತಮ್ಮಾ?" ಆಗ ನನ್ನ ಹತ್ತಿರ ಉತ್ತರವಿರಲಿಲ್ಲ. ಇಲ್ಲಿ ಕುಳಿತ ಅನೇಕ ತಂದೆ-ತಾಯಿಗಳ ಪ್ರಶ್ನೆಯೂ ಅದೇ ಇರಬಹುದು. ಇವತ್ತು ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮಹಾಲಿಂಗಪುರದ ಬೆಲ್ಲ ನಮಗೆಲ್ಲ ಗೊತ್ತು. ಗಾಣದ ಕಡಾಯಿಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಉಗಿ ಆಕಾಶಕ್ಕೆ ಹೋಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಹಾಗೆ ಬಿಡುವುದಿಲ್ಲ. ಮೊದಲ ಪಾತ್ರೆಯ ಉಗಿ ಎರಡನೆಯದನ್ನು ಕುದಿಸುತ್ತದೆ, ಎರಡನೆಯದರ ಉಗಿ ಮೂರನೆಯದನ್ನು. ಮುಂದುಮುಂದಿನ ಪಾತ್ರೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಕಡಿಮೆ ಶಾಖಕ್ಕೇ ರಸ ಕುದಿಯುತ್ತದೆ. ಹೀಗೆ ನಾಲ್ಕು ಪಾತ್ರೆ ಜೋಡಿಸಿದರೆ 1 ಕೆ.ಜಿ. ಉಗಿಯಿಂದ ಹೆಚ್ಚುಕಡಿಮೆ 4 ಕೆ.ಜಿ. ನೀರು ಆವಿಯಾಗುತ್ತದೆ. ಅಮೆರಿಕದ ನಾರ್ಬರ್ಟ್ ರಿಲ್ಯೂ ಇದಕ್ಕೆ 1843ರಲ್ಲಿ ಪೇಟೆಂಟ್ ಪಡೆದ.

ಇದೇ ಉಪಾಯ ಹಾಲಿನ ಪುಡಿ ಮಾಡುವಲ್ಲಿಯೂ ಇದೆ. ಕುದಿಸುವುದು, ಸೋಸುವುದು, ಒಣಗಿಸುವುದು, ಭಟ್ಟಿ ಇಳಿಸುವುದು: ಸರಕು ಬೇರೆಯಾದರೂ ಕೆಲಸ ಒಂದೇ ಎಂದು ಆರ್ಥರ್ ಲಿಟಲ್ 1915ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಈ ಪದವಿಯ ಮೊದಲ ಗುರಿ, ಸಕ್ಕರೆಯನ್ನೋ ಸಿಮೆಂಟನ್ನೋ ಬಾಯಿಪಾಠ ಮಾಡಿಸುವುದಲ್ಲ. ಎಲ್ಲದರ ಹಿಂದಿನ ಈ ಕೆಲಸಗಳನ್ನು ತಿಳಿಸುವುದು.

ಎರಡನೆಯ ಗುರಿ ಲೆಕ್ಕ. ಒಳಗೆ ಬಂದದ್ದೆಲ್ಲ ಒಳಗೇ ಉಳಿದಿರಬೇಕು, ಇಲ್ಲವೆ ಹೊರಗೆ ಹೋಗಿರಬೇಕು. ನಡುವೆ ಮಾಯವಾಗುವುದಿಲ್ಲ.

ನನ್ನ ಮೊದಲ ನೌಕರಿ ದೂರದ ಒಂದು ಕಾರ್ಖಾನೆಯಲ್ಲಿ. ಒಂದು ತಿಂಗಳ ಲೆಕ್ಕದಲ್ಲಿ ನೂರಕ್ಕೆ ಮೂರು ಕಡಿಮೆ ಬಂತು. "ನಷ್ಟ ಅಂತ ಬರೆದು ಸಹಿ ಮಾಡು" ಎಂದರು ಮೇಲಿನವರು. ಮಾಡಿದೆ. ಆ ಮೂರು ಎಲ್ಲಿ ಹೋಗಿತ್ತೆಂದು ಹಿಂದಿನ ಹಳ್ಳದ ಕಡೆ ಹೋದಾಗ ತಿಳಿಯಿತು. ಒಬ್ಬ ಅಜ್ಜಿ ಬಾಯಾರಿದ ಎಮ್ಮೆಯನ್ನು ಆ ನೀರಿನಿಂದ ಎಳೆದುಕೊಂಡು ಹೋಗುತ್ತಿದ್ದಳು. ಮರುದಿನ ಸೋರುವ ವಾಲ್ವ್ ಹುಡುಕಿದೆವು. ರಿಪೇರಿಗೆ ಅರ್ಧ ದಿನ ಸಾಕಾಯಿತು. ನನ್ನ ಸಹಿ ಮಾತ್ರ ಆ ಕಾಗದದ ಮೇಲೆ ಹಾಗೇ ಇದೆ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಭಾಗ ಕಬ್ಬಿನ ನಾಡು. ಕಾಕಂಬಿಯಿಂದ 1 ಲೀಟರ್ ಆಲ್ಕೋಹಾಲ್ ತೆಗೆದರೆ ಸುಮಾರು 10ರಿಂದ 15 ಲೀಟರ್ ಕಂದು ನೀರು ಉಳಿಯುತ್ತದೆ. ರಬಕವಿ-ಬನಹಟ್ಟಿಯ ನೇಕಾರರಿಗೂ ಗೊತ್ತು, ಹಾಕಿದ ಬಣ್ಣವೆಲ್ಲ ನೂಲಿಗೆ ಹಿಡಿಯುವುದಿಲ್ಲ. ಉಳಿದದ್ದು ನೀರಿನ ಜೊತೆ ಹೋಗುತ್ತದೆ. ಕಾರ್ಖಾನೆ ಬೇಡ ಎನ್ನುವಂತಿಲ್ಲ, ನಮ್ಮ ಹೊಟ್ಟೆಪಾಡು ಅಲ್ಲಿದೆ. ಘಟಪ್ರಭೆ, ಕೃಷ್ಣೆಯ ನೀರನ್ನೂ ಬಿಡುವಂತಿಲ್ಲ. ಎರಡನ್ನೂ ಉಳಿಸುವ ಲೆಕ್ಕ ಬಲ್ಲವರು ನಮ್ಮ ಮಕ್ಕಳಲ್ಲೇ ಹುಟ್ಟಬೇಕು.

ಆ ಲೆಕ್ಕದ ಮೊದಲ ಪಾಠ ನನಗೆ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ಇದೇ ಶಾಲೆಯಲ್ಲಿ ನಮ್ಮ ವಿಜ್ಞಾನದ ಸರ್ ಹಲಗೆಯ ಮೇಲೆ ಸಮೀಕರಣ ಬರೆದು, "ಎರಡೂ ಕಡೆ ಸಮ ಬರಲಿಲ್ಲಂದ್ರ ಎಲ್ಲೋ ತಪ್ಪೈತಿ, ಹುಡುಕು" ಎನ್ನುತ್ತಿದ್ದರು. ಸಹಿ ಮಾಡುವ ದಿನ ನಾನು ಅದನ್ನೇ ಮರೆತಿದ್ದೆ.

ಮುಂದಿನ ಸಾಲಿನಲ್ಲಿ ಅಪ್ಪ ಕುಳಿತಿದ್ದಾರೆ. ಅಪ್ಪಾ, ತಡವಾಯಿತು. ನಾನು ಕಲಿತದ್ದು ಇಷ್ಟೇ.