ವಿದ್ಯಾರ್ಥಿವೇತನದ ಹಣ ನಿಲ್ಲುವುದೆಲ್ಲಿ?

(ಬನಶಂಕರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಪಾಲಕರಿಗಾಗಿ ಏರ್ಪಡಿಸಿದ್ದ ಮಾಹಿತಿ ಸಭೆಯಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಜಾತ್ರೆಯ ದಿನಗಳಲ್ಲಿ ಸಭೆ ಏಕೆ ಎಂದು ಕೆಲವರು ಕೇಳಿದರು. ಗೋವಾ, ಮಂಗಳೂರು ಕಡೆಗೆ ದುಡಿಯಲು ಹೋದ ತಂದೆತಾಯಂದಿರು ಬನದ ಹುಣ್ಣಿಮೆಗೆಂದು ಊರಿಗೆ ಬಂದಿರುತ್ತಾರೆ. ಅವರ ಚೀಲದಲ್ಲಿ ಆಧಾರ್ ಕಾರ್ಡು, ಪಾಸ್‌ಬುಕ್ಕುಗಳೂ ಬಂದಿರುತ್ತವೆ. ನಮಗೆ ಬೇಕಾದದ್ದು ಅವೇ. ರಾತ್ರಿಯ ನಾಟಕ ಆರಂಭವಾಗುವ ಮೊದಲೇ ನಿಮ್ಮನ್ನು ಬಿಡುತ್ತೇನೆ.

ನಾನು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಗ ನನಗೆ ವಿದ್ಯಾರ್ಥಿವೇತನ ಬರಲಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದನ್ನು ನಾನೂ ನೋಡಿರಲಿಲ್ಲ, ಅರ್ಜಿ ಪಡೆದವರೂ ಹೇಳಲಿಲ್ಲ. ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ಕಳೆದಿತ್ತು. ಆ ವರ್ಷದ ಶುಲ್ಕಕ್ಕಾಗಿ ನಮ್ಮ ತಂದೆ ಒಂದು ಎತ್ತನ್ನು ಮಾರಿದರು. ಉಳಿದ ಒಂಟಿ ಎತ್ತಿಗೆ ಜೋಡಿ ಹುಡುಕುವುದರಲ್ಲಿ ಎರಡು ಮುಂಗಾರು ಕಳೆದವು. ಆದ್ದರಿಂದ ಮೊದಲು ಪ್ರಮಾಣಪತ್ರದ ವಿಷಯವನ್ನೇ ಹೇಳುತ್ತೇನೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷಗಳ ಅವಧಿ ಮಾತ್ರ. ಅದರ ಮೇಲೆ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆಯಿದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿ, ನಿಮ್ಮ ಜಾತಿ ಮತ್ತು ಆದಾಯವನ್ನು ಆ ಸಂಖ್ಯೆಯಿಂದಲೇ ಅರಿಯುತ್ತದೆ. ಇಂದು ಮನೆಗೆ ಹೋದೊಡನೆ ಪತ್ರದ ದಿನಾಂಕ ನೋಡಿರಿ.

ಎಸ್‌ಎಸ್‌ಪಿಯಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮೊದಲಾದ ಇಲಾಖೆಗಳ ಯೋಜನೆಗಳು ಒಂದೇ ಕಡೆ ಇವೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಕೇಂದ್ರ ಪುರಸ್ಕೃತ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ವಿದ್ಯಾಸಿರಿಯು ಊಟ ಮತ್ತು ವಸತಿಯ ಸಹಾಯ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಇರುವವರಿಗೆ ಅದು ಇಲ್ಲ. ರೈತ ವಿದ್ಯಾನಿಧಿ 2021ರಲ್ಲಿ ಆರಂಭವಾದಾಗ ನಿಗದಿಯಾದ ಮೊತ್ತ ಕೋರ್ಸಿಗೆ ಅನುಗುಣವಾಗಿ 2,500ರಿಂದ 11,000 ರೂಪಾಯಿ. ಹೆಣ್ಣುಮಕ್ಕಳಿಗೆ ತುಸು ಹೆಚ್ಚು. ಬಳಿಕ ಅದನ್ನು ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಇಳಕಲ್, ಗುಳೇದಗುಡ್ಡಗಳಲ್ಲಿ ಬಂಧುಗಳಿರುವವರು ಈ ಮಾತನ್ನು ಅವರಿಗೂ ತಲುಪಿಸಿರಿ. ಈ ವರ್ಷದ ಆದೇಶವನ್ನು ನೋಡಿಕೊಂಡೇ ಅರ್ಜಿ ಹಾಕಬೇಕು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿತರಾದವರ ಮಕ್ಕಳಿಗೆ ಪ್ರತ್ಯೇಕ ಶೈಕ್ಷಣಿಕ ಧನಸಹಾಯವಿದೆ. ಕಾರ್ಡಿನ ನವೀಕರಣ ಮರೆತವರೇ ನಮ್ಮಲ್ಲಿ ಹೆಚ್ಚು. ಅರಿವು ಎಂಬುದು ಸಾಲ, ಅನುದಾನವಲ್ಲ. ಮರಳಿಸಬೇಕು.

ಇನ್ನು ಹೆಸರಿನ ತೊಡಕು. ನಮ್ಮ ಭಾಗದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರೂ ಸೇರಿಸಿ ಬರೆಯುವ ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೂರೂ ಇರುತ್ತವೆ, ಆಧಾರ್‌ನಲ್ಲಿ ಒಂದೇ ಇರುತ್ತದೆ. ಇಲ್ಲವೇ ಅಡ್ಡಹೆಸರು ಮುಂದೆ ಬಂದಿರುತ್ತದೆ. ಮನುಷ್ಯರಿಗೆ ಇದು ಒಬ್ಬನೇ ಹುಡುಗನೆಂದು ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ, ಜನ್ಮದಿನಾಂಕವನ್ನು ಒಂದೇ ಬಾರಿ ತಿದ್ದಲು ಅವಕಾಶ. ಆದ್ದರಿಂದ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಅಕ್ಷರ ಅಕ್ಷರ ನೋಡಿ ತಿದ್ದಿಸಿರಿ.

ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ನಿಲ್ಲುವುದು ಬ್ಯಾಂಕಿನ ಹಂತದಲ್ಲಿ. ಕಳೆದ ವರ್ಷ ಪದವಿ ಓದುವ ಒಬ್ಬ ಹುಡುಗಿ ಕಚೇರಿಗೆ ಬಂದಳು. ಅರ್ಜಿ ಮಂಜೂರು, ಹಣ ಜಮೆ ಎಂದು ತೋರಿಸುತ್ತಿತ್ತು. ಅವಳ ಖಾತೆಯಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಓದು ಬಿಟ್ಟು ತಾಯಿಯೊಂದಿಗೆ ಕೆಲಸಕ್ಕೆ ಹೋಗುವ ಮಾತು ಮನೆಯಲ್ಲಿ ನಡೆದಿತ್ತು. ವಿಚಾರಿಸಿದಾಗ ತಿಳಿದದ್ದಿಷ್ಟು: ಹಿಂದೊಮ್ಮೆ ತಂದೆತಾಯಿಯೊಂದಿಗೆ ಗೋವಾಕ್ಕೆ ಹೋದಾಗ ಅಲ್ಲಿ ಅವಳ ಹೆಸರಿನಲ್ಲಿ ಒಂದು ಖಾತೆ ತೆರೆದು ಆಧಾರ್ ಜೋಡಿಸಿದ್ದರು. ನೇರ ನಗದು ವರ್ಗಾವಣೆಯು ನೀವು ಅರ್ಜಿಯೊಂದಿಗೆ ಕೊಟ್ಟ ಪಾಸ್‌ಬುಕ್ಕನ್ನು ನೋಡುವುದಿಲ್ಲ. ಆಧಾರ್ ಕಡೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೇ ಹಣ ಹೋಗುತ್ತದೆ. ಅವಳ ಹಣ ಆ ಮರೆತ ಖಾತೆಯಲ್ಲಿತ್ತು. ಅವಳು ಈಗ ಅಂತಿಮ ವರ್ಷದಲ್ಲಿದ್ದಾಳೆ.

ಖಾತೆಗೆ ಆಧಾರ್ ಸಂಖ್ಯೆ ಕೊಟ್ಟಿರುವುದೂ ಹಣ ಪಾವತಿಗಾಗಿ ಜೋಡಣೆ ಮಾಡಿರುವುದೂ ಬೇರೆ ಬೇರೆ ಎಂಬುದನ್ನು ಗಮನಿಸಿರಿ. ಬ್ಯಾಂಕಿನಲ್ಲಿ ಎನ್‌ಪಿಸಿಐ ಜೋಡಣೆ ಆಗಿದೆಯೇ ಎಂದು ಆ ಶಬ್ದವನ್ನೇ ಬಳಸಿ ಕೇಳಿರಿ. ಡಿಬಿಟಿ ಕರ್ನಾಟಕ ಎಂಬ ಆ್ಯಪ್‌ನಲ್ಲಿ ಹಣ ಯಾವ ಬ್ಯಾಂಕಿಗೆ ಹೋಗಿದೆ ಎಂದು ನೀವೇ ನೋಡಬಹುದು. ಅರ್ಜಿ ಸಲ್ಲಿಸಿದ ನಂತರ ಕಾಲೇಜಿನಲ್ಲಿ ಪರಿಶೀಲನೆ ಆಗಬೇಕು; ಅದು ಆಗಿಲ್ಲವಾದರೆ ಅರ್ಜಿ ಅಲ್ಲೇ ಕುಳಿತಿರುತ್ತದೆ. ಸ್ವೀಕೃತಿಯ ಪ್ರತಿ ಇಟ್ಟುಕೊಂಡು ಕಾಲೇಜಿನ ಗುಮಾಸ್ತರನ್ನು ವಿನಯದಿಂದ, ಆದರೆ ಪದೇ ಪದೇ ಕೇಳಿರಿ.

ಕೊನೆಯ ದಿನಾಂಕವನ್ನು ಹೇಗೂ ಮುಂದೂಡುತ್ತಾರೆ ಎಂಬ ಮಾತು ನಮ್ಮಲ್ಲಿದೆ. ಅನೇಕ ಸಲ ಮುಂದೂಡಿದ್ದೂ ನಿಜ. ಅದನ್ನು ನಂಬಿ ಕುಳಿತವನ ಕಥೆಯನ್ನು ನಾನು ಈಗಾಗಲೇ ಹೇಳಿದ್ದೇನೆ.

ಈಗ ಪಾಲಕರು ಪಾಸ್‌ಬುಕ್ಕುಗಳನ್ನು ಹೊರತೆಗೆಯಿರಿ. ಅರಿವು ಕೇಂದ್ರದ ಗಣಕಯಂತ್ರಗಳನ್ನು ತೆರೆದಿಡಲಾಗಿದೆ. ಆಧಾರ್‌ಗೆ ಜೋಡಿಸಿದ ಮೊಬೈಲು ಯಾರ ಬಳಿ ಇದೆಯೋ ಅವರು ಸಾಲಿನಲ್ಲಿ ಮೊದಲು ಬನ್ನಿರಿ; ಒಟಿಪಿ ಅವರಿಗೇ ಬರುತ್ತದೆ.